ಜಾಡು ಕಡಿದಲ್ಲಿ ನಾಯಿ ಏನು ಮಾಡುತ್ತದೆ: ಮೂಗಿಗಾಗಿ ಬೀಗಲ್ ತಳಿ ಬೆಳೆಸುವ ಬಗೆ

ನಾಯಿಯ ಮೂಗಿನ ಬಲವನ್ನು ನೇರವಾಗಿ ಅಳೆಯುವ ಸಾಧನ ನಮ್ಮಂಥ ಸಾಕುವವರ ಕೈಯಲ್ಲಿ ಯಾವುದೂ ಇಲ್ಲ. ಮೂಗಿಗೆ ಬಂದ ವಾಸನೆಯನ್ನು ನಾಯಿ ಹೇಗೆ ಬಳಸಿಕೊಂಡಿತು ಎನ್ನುವುದಷ್ಟೇ ನಮಗೆ ಕಾಣುವುದು. ಹಾಗಾಗಿ ವಾಸನೆ ಹಿಡಿಯುವ ಶಕ್ತಿಗಾಗಿ ತಳಿ ಬೆಳೆಸಬೇಕೆನ್ನುವವರಿಗೆ ನಾನು ಮೊದಲು ಹೇಳುವುದು ಇಷ್ಟು: ಮೊಲದ ಜಾಡು ಕಡಿದುಹೋದ ಜಾಗದಲ್ಲಿ ನಾಯಿ ಏನು ಮಾಡುತ್ತದೆ ನೋಡಿ. ಅದನ್ನು ನೋಡಿಯೇ ಜೋಡಿ ಆರಿಸಿ. ಓಟದ ವೇಗ, ಕಿವಿಯ ಉದ್ದ, ವಂಶಾವಳಿಯ ದೊಡ್ಡ ಹೆಸರುಗಳು ಎಲ್ಲ ಆಮೇಲೆ.

ನಾನು ಸಾಗರದ ಕಡೆಯವನು. ಈಗ ಇರುವುದು ಅಮೆರಿಕದ ಉತ್ತರ ಕೆರೊಲಿನಾದ ಪೀಡ್‌ಮಾಂಟ್ ಸೀಮೆಯಲ್ಲಿ. ಕೆಂಪು ಜೇಡಿಮಣ್ಣು, ಪೈನ್ ತೋಪು, ಉಳದೆ ಬಿಟ್ಟ ಹೊಲಗಳ ತುಂಬ ಮುಳ್ಳುಪೊದೆ, ಆ ಪೊದೆಗಳೊಳಗೆ ಕಾಟನ್‌ಟೇಲ್ ಮೊಲ. ಇಲ್ಲಿ ಲೈಸೆನ್ಸ್ ಪಡೆದು, ಗೊತ್ತುಮಾಡಿದ ಕಾಲದಲ್ಲಿ, ಮಿತಿಯೊಳಗೆ ಮೊಲದ ಬೇಟೆ ಆಡಬಹುದು; ಮೊಲದ ಜಾಡನ್ನು ಮೂಸುತ್ತ, ಕೂಗುತ್ತ ಹಿಂಬಾಲಿಸುವ ಬೀಗಲ್ ನಾಯಿ ಸಾಕುವವರು ಹಳ್ಳಿಹಳ್ಳಿಗೂ ಇದ್ದಾರೆ. ಊರಿನಲ್ಲಿ ಓದುತ್ತಿರುವವರು ಒಂದು ವಿಷಯ ಗಮನದಲ್ಲಿಡಿ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಮೊಲ ಹಿಡಿಯುವುದು, ಕೊಲ್ಲುವುದು ಅಪರಾಧ. ಆದರೆ ಮೂಗಿಗಾಗಿ ತಳಿ ಆರಿಸುವ ಕ್ರಮ ಪೊಲೀಸ್ ಶ್ವಾನದಳಕ್ಕೂ ಅರಣ್ಯ ಇಲಾಖೆಯ ಪತ್ತೆ ನಾಯಿಗೂ ಇದೇ. ಇನ್ನೊಂದು ಮಾತು: ನಮ್ಮ ಮುಧೋಳ ನಾಯಿ ಕಣ್ಣಿಗೆ ಬಿದ್ದದ್ದನ್ನು ಬೆನ್ನಟ್ಟುವ ಜಾತಿ. ಬೀಗಲ್ಲಿನ ಕೆಲಸವನ್ನು ಅದರಿಂದ ಬಯಸಿದರೆ ನಾಯಿಗೆ ಅನ್ಯಾಯ.

ಜಾತಿಯಿಂದಲೇ ಒಂದಿಷ್ಟು ಬರುತ್ತದೆ ಎನ್ನುವುದು ನಿಜ. ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿ ವರ್ಷಗಟ್ಟಲೆ ನಾಯಿಗಳ ಅಧ್ಯಯನ ಮಾಡಿದವರು. ಒಂದು ಎಕರೆ ಹೊಲದಲ್ಲಿ ಇಲಿ ಬಿಟ್ಟು ನಾಯಿಗಳನ್ನು ಹುಡುಕಲು ಬಿಟ್ಟಾಗ ಬೀಗಲ್ಲುಗಳಿಗೆ ಸುಮಾರು ಒಂದು ನಿಮಿಷ ಸಾಕಾಯಿತು, ಫಾಕ್ಸ್ ಟೆರಿಯರ್‌ಗಳಿಗೆ ಹದಿನೈದು ನಿಮಿಷ ಹಿಡಿಯಿತು, ಸ್ಕಾಟಿಷ್ ಟೆರಿಯರ್‌ಗಳಿಗೆ ಸಿಗಲೇ ಇಲ್ಲ. ಹಾಗಂತ ಬೀಗಲ್ಲಿನ ಮೂಗಿನ ಮೂಳೆಯೇ ಬೇರೆ ಎಂದುಕೊಳ್ಳಬೇಡಿ. 2021ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ವಾಸನೆಯ ನರಗಳು ಹಾದುಹೋಗುವ ಜಾಲರಿಯಂಥ ಮೂಳೆಯನ್ನು ಹಲವು ತಳಿಗಳಲ್ಲಿ ಅಳೆದರು. ಮೂಸಿ ಬೇಟೆಯಾಡುವ ತಳಿಗಳಲ್ಲಿ ಅದು ಉಳಿದ ನಾಯಿಗಳಿಗಿಂತ ದೊಡ್ಡದಿರಲಿಲ್ಲ. ಎಲ್ಲ ನಾಯಿಗಳಲ್ಲೂ ತೋಳಕ್ಕಿಂತ ಕಿರಿದಾಗಿತ್ತು. ನನ್ನ ಅನುಭವಕ್ಕೆ ಇದು ಸರಿಹೊಂದುತ್ತದೆ. ನೂರಾರು ವರ್ಷ ನಮ್ಮ ಹಿಂದಿನವರು ಆರಿಸಿದ್ದು ಮೂಗನ್ನು ನೆಲಕ್ಕಿಟ್ಟು ಬಿಡದೆ ದುಡಿಯುವ ಸ್ವಭಾವವನ್ನು. ನೀವು ಆರಿಸಬೇಕಾದದ್ದೂ ಅದನ್ನೇ.

ಚೆಕ್: ಎಲ್ಲ ತಿಳಿಯುವ ಜಾಗ

ಜಾಡು ಕಡಿಯುವ ಜಾಗಕ್ಕೆ ಇಲ್ಲಿ ಚೆಕ್ ಎನ್ನುತ್ತಾರೆ. ಕಾಟನ್‌ಟೇಲ್ ತನ್ನ ಠಾವು ಬಿಟ್ಟು ದೂರ ಹೋಗುವುದಿಲ್ಲ. ಸುತ್ತು ಹಾಕಿ ಎದ್ದ ಜಾಗದ ಹತ್ತಿರಕ್ಕೇ ಬರುತ್ತದೆ. ನಡುವೆ ಬಂದ ದಾರಿಯಲ್ಲೇ ನಾಲ್ಕಾರು ಮಾರು ಹಿಂದಿರುಗಿ, ಅಲ್ಲಿಂದ ಪಕ್ಕಕ್ಕೆ ಒಂದೇ ನೆಗೆತ. ಹಿಂದೆ ಬರುವ ನಾಯಿಗೆ ಜಾಡು ಗೋಡೆಗೆ ತಾಗಿದಂತೆ ನಿಂತುಬಿಡುತ್ತದೆ.

ಜನವರಿಯ ಒಂದು ಬೆಳಿಗ್ಗೆ ಕಂಡದ್ದು ಹೇಳುತ್ತೇನೆ. ಇಬ್ಬನಿ ಆಗಷ್ಟೇ ಕರಗಿತ್ತು, ಬಡಗಣ ಒಣಗಾಳಿ ಬೀಸುತ್ತಿತ್ತು. ಮೊಲ ಜಲ್ಲಿರಸ್ತೆಗೆ ಹತ್ತಿ, ಅದರ ಮೇಲೇ ಸ್ವಲ್ಪ ಓಡಿ, ಹಿಂದಿರುಗಿ ಚರಂಡಿ ದಾಟಿತ್ತು. ಎರಡು ನಾಯಿ ಕೂಗುತ್ತ ಬಂದವು. ಸ್ನೇಹಿತರ ಗಂಡುನಾಯಿ ರಸ್ತೆಯಲ್ಲಿ ವಾಸನೆ ತಪ್ಪಿದ ಕೂಡಲೇ ನಿಲ್ಲದೆ ಎದುರಿನ ಹುಲ್ಲಿಗೆ ನುಗ್ಗಿ ನಲವತ್ತು ಗಜ ದೊಡ್ಡ ಸುತ್ತು ಹೊಡೆಯಿತು. ನನ್ನ ಹೆಣ್ಣು ಗೌರಿ ವಾಸನೆ ತಪ್ಪಿದ ಗಳಿಗೆಯಲ್ಲೇ ಬಾಯಿ ಮುಚ್ಚಿತು. ಕೊನೆಯ ಸಲ ವಾಸನೆ ಸಿಕ್ಕ ಕಲ್ಲಿನ ಹತ್ತಿರವೇ ಮೂಗಿಟ್ಟು ಒಂದು ಮೊಳದ ಸುತ್ತು, ಆಮೇಲೆ ಒಂದು ಮಾರಿನ ಸುತ್ತು. ಗಂಡುನಾಯಿ ಎಲ್ಲಿ ಹೋಯಿತೆಂದು ತಲೆ ಎತ್ತಿಯೂ ನೋಡಲಿಲ್ಲ. ಬಂದ ದಾರಿಗೇ ತಿರುಗಿ ಚರಂಡಿಯ ಅಂಚಿಗೆ ಬಂದಾಗ ಬಾಲದ ಬಡಿತ ಜೋರಾಯಿತು. ಕುಂಯ್ ಅನ್ನುವ ಸಣ್ಣ ದನಿ ಬಂತು. ಚರಂಡಿ ದಾಟಿ ಎರಡು ಹೆಜ್ಜೆ ಇಟ್ಟ ಮೇಲೆ ತುಂಬು ಕೂಗು.

ನೋಡುವವರಿಗೆ ಆ ಗಂಡುನಾಯಿಯೇ ಚುರುಕು ಅನಿಸುತ್ತದೆ. ಅದರ ದೊಡ್ಡ ಸುತ್ತಿನಲ್ಲಿ ಆಗಾಗ ಮೊಲ ಸಿಕ್ಕಿಬಿಡುತ್ತದೆ ಕೂಡ. ಜನ ಅಂಥದರ ಮರಿಗೇ ಮುಗಿಬೀಳುತ್ತಾರೆ. ಆದರೆ ಅದು ಮೂಗಿನ ಕೆಲಸವಲ್ಲ, ಅದೃಷ್ಟದ ಕೆಲಸ. ಆ ಮರಿಗಳಿಗೆ ಬರುವುದು ತಂದೆಯ ಅವಸರ.

ಹೀಗಾಗಿ ಜೋಡಿಗೆ ಯೋಚಿಸುತ್ತಿರುವ ನಾಯಿಯನ್ನು ಮೊದಲು ಒಂಟಿಯಾಗಿ ಓಡಿಸಿ. ಹಿಂಡಿನಲ್ಲಿ ಮೂಗಿಲ್ಲದ ನಾಯಿಯೂ ಪಕ್ಕದ ನಾಯಿಯ ಕೂಗು ಕೇಳಿಕೊಂಡು ಋತುವೆಲ್ಲ ಓಡಿಬಿಡಬಲ್ಲದು. ಒಂಟಿಯಾಗಿ ಓಡಿದಾಗ ನಾಲ್ಕು ಸಂಗತಿ ನೋಡುತ್ತೇನೆ. ವಾಸನೆ ತಪ್ಪಿದ ಕೂಡಲೇ ಬಾಯಿ ಮುಚ್ಚುತ್ತದೆಯೇ? ಹತ್ತಿರದಿಂದ ಶುರುಮಾಡಿ ದೂರಕ್ಕೆ ಹುಡುಕುತ್ತದೆಯೇ, ಅಥವಾ ಮೊದಲೇ ದೂರಕ್ಕೆ ಹಾರುತ್ತದೆಯೇ? ಜಾಡು ಸಿಕ್ಕಾಗ ಸರಿಯಾದ ದಿಕ್ಕಿಗೇ ಹೊರಡುತ್ತದೆಯೇ? ಕೊನೆಯದಾಗಿ, ಎಷ್ಟು ಹೊತ್ತು ಪಟ್ಟು ಬಿಡದೆ ಹುಡುಕುತ್ತದೆ?

ದಿಕ್ಕಿನ ವಿಷಯ ಸಣ್ಣದಲ್ಲ. 1993ರಲ್ಲಿ ನಾರ್ವೆಯ ಸಂಶೋಧಕರು ತರಬೇತಾದ ನಾಯಿಗಳನ್ನು ಮನುಷ್ಯರ ಹೆಜ್ಜೆಜಾಡಿಗೆ ಅಡ್ಡಲಾಗಿ ಬಿಟ್ಟು ನೋಡಿದರು. ಐದು ಹೆಜ್ಜೆಗಿಂತ ಹೆಚ್ಚು ಮೂಸದೆ, ಮೂರರಿಂದ ಐದು ಸೆಕೆಂಡಿನಲ್ಲಿ, ನಡೆದವರು ಯಾವ ಕಡೆ ಹೋದರೆಂದು ಅವು ತೀರ್ಮಾನಿಸುತ್ತಿದ್ದವು. ಒಂದು ಹೆಜ್ಜೆಗೂ ಮುಂದಿನ ಹೆಜ್ಜೆಗೂ ಇರುವ ವಾಸನೆಯ ವ್ಯತ್ಯಾಸ ಹಿಡಿಯುವ ಮೂಗು ಅದು. ಜಾಡನ್ನು ಮತ್ತೆ ಮತ್ತೆ ಉಲ್ಟಾ ಹಿಡಿಯುವ ಬೀಗಲ್ ಎಷ್ಟೇ ಇಂಪಾಗಿ ಕೂಗಲಿ, ನಾನು ಅದಕ್ಕೆ ಜೋಡಿ ಹುಡುಕುವುದಿಲ್ಲ.

ನೋಡುವ ದಿನವೂ ಮುಖ್ಯ. ನೆಲ ತೇವವಿದ್ದು ಗಾಳಿ ತಣ್ಣಗೆ ನಿಂತಿದ್ದರೆ ವಾಸನೆ ನೆಲಕ್ಕಂಟಿ ನಿಲ್ಲುತ್ತದೆ; ಅಂಥ ದಿನ ಎಲ್ಲ ನಾಯಿಯೂ ಜಾಣ ನಾಯಿಯೇ. ಒಣಗಾಳಿ, ಉರಿಬಿಸಿಲು, ಪುಡಿಮಣ್ಣು, ಪೈನ್ ಎಲೆ ಹಾಸಿದ ಒಣ ನೆಲದ ಮೇಲೆ ಓಡಿಸಿದಾಗ ನಾಯಿಗಳ ಅಂತರ ಕಾಣುತ್ತದೆ. ಗಂಡುನಾಯಿ ಕೊಡುವವರು ತಮ್ಮ ನಾಯಿ ತೋರಿಸಲು ಒಳ್ಳೆಯ ದಿನವನ್ನೇ ಆರಿಸುತ್ತಾರೆ, ಅದು ಸಹಜ. ನೀವು ಇನ್ನೊಂದು ದಿನ ಕೇಳಿಕೊಂಡು ಹೋಗಿ.

ಮೂಗೊಂದನ್ನೇ ಹಿಡಿದು ಹೊರಟರೆ

ಈ ದೇಶದ ಬೀಗಲ್ ಪಂದ್ಯಗಳು 1890ರಲ್ಲಿ ಮ್ಯಾಸಚೂಸೆಟ್ಸ್‌ನ ಹಯಾನಿಸ್‌ನಲ್ಲಿ ಶುರುವಾದವು. ಎರಡು ಮೂರು ನಾಯಿಗಳನ್ನು ಒಟ್ಟಿಗೆ ಬಿಟ್ಟು ನೋಡುವ ಬ್ರೇಸ್ ಪದ್ಧತಿಯಲ್ಲಿ, ಕಾಲ ಕಳೆದಂತೆ ತೀರ್ಪುಗಾರರು ಜಾಡಿನಿಂದ ಕೂದಲೆಳೆಯಷ್ಟೂ ಅಲುಗದ ನಾಯಿಗೇ ಬಹುಮಾನ ಕೊಡತೊಡಗಿದರು. ಸಾಕುವವರೂ ಅದಕ್ಕೇ ಜೋಡಿ ಮಾಡಿದರು. ಕೆಲವು ತಲೆಮಾರಿನಲ್ಲಿ ನಾಯಿಗಳು ಒಂದೊಂದು ಹೆಜ್ಜೆಯನ್ನೂ ಮೂಸಿ ಮೂಸಿ, ಮನುಷ್ಯ ನಡೆಯುವುದಕ್ಕಿಂತ ನಿಧಾನವಾಗಿ ತೆವಳುವಂತಾದವು. ಮೊಲ ಎಲ್ಲೋ ಮಲಗಿ ನಿದ್ದೆಹೋದರೂ ಇವಕ್ಕೆ ತಿಳಿಯದು. ಬೇಟೆಗಾರರು ಬೇಸತ್ತು ಹಿಂಡಿನ ಪಂದ್ಯ, ಕೋವಿ ಹಿಡಿದವರ ಜೊತೆ ದುಡಿಯುವ ನಾಯಿಗಳ ಗನ್‌ಡಾಗ್ ಪಂದ್ಯಗಳ ಕಡೆ ತಿರುಗಿದ್ದು ಇದರಿಂದಲೇ.

ಅಮೆರಿಕನ್ ಕೆನಲ್ ಕ್ಲಬ್ಬಿನ ಪಂದ್ಯದ ನಿಯಮಗಳಲ್ಲಿ ಜಾಡಿನ ನಿಖರತೆ ಎಂದರೆ ಜಾಡನ್ನು ಹತೋಟಿಯಲ್ಲಿಟ್ಟುಕೊಂಡು ಸಾಧ್ಯವಾದಷ್ಟೂ ಮುಂದೆ ಸಾಗುವುದು ಎಂದಿದೆ. ಎರಡೂ ಒಟ್ಟಿಗೆ ಬೇಕು. ಅದೇ ನಿಯಮಗಳಲ್ಲಿ ದೋಷಗಳ ಪಟ್ಟಿಯೂ ಇದೆ: ಸಿಕ್ಕಿದ ಜಾಡಿನಲ್ಲೇ ಕಾಲಹರಣ ಮಾಡುವುದು, ಜಾಡಿಲ್ಲದ ಕಡೆ ಜಾಡಿದ್ದಂತೆ ನಟಿಸುವುದು, ಸುಮ್ಮಸುಮ್ಮನೆ ಬೊಗಳುವುದು, ಮುಂದಿನ ನಾಯಿಯನ್ನು ಅಡ್ಡಹಾಯ್ದು ಹಿಡಿಯುವುದು, ಚೆಕ್ ಬಿಟ್ಟು ಓಡುವುದು, ಬಾಯಿ ಬಿಡದೆ ಓಡುವುದು. ತಳಿ ಬೆಳೆಸುವವರು ಇದನ್ನು ಪಂದ್ಯಕ್ಕೆ ಹೋಗದಿದ್ದರೂ ಓದಿಕೊಳ್ಳಬೇಕು. ಇದಕ್ಕಿಂತ ಒಳ್ಳೆಯ ಪಠ್ಯ ನನಗೆ ಸಿಕ್ಕಿಲ್ಲ.

ಹಳೆಯ ಜಾಡು ಹಿಡಿಯುವ ನಾಯಿಗೆ ಇಲ್ಲಿ ಕೋಲ್ಡ್ ನೋಸ್ ಎನ್ನುತ್ತಾರೆ, ಅದಕ್ಕೆ ದೊಡ್ಡ ಗೌರವ. ರಾತ್ರಿ ಮರವೇರುವ ರಕೂನ್ ಹುಡುಕುವ ಕೂನ್‌ಹೌಂಡ್‌ಗೆ ಅದು ಬೇಕು. ಮೊಲಕ್ಕೆ ಅಷ್ಟು ಬೇಡ. ರಾತ್ರಿ ಮೇಯ್ದು ಹೋದ ಮೊಲದ ಜಾಡಿನಲ್ಲಿ ಕೂಗುತ್ತ ನಿಂತ ಬೀಗಲ್ಲಿನ ಹತ್ತಿರದ ಪೊದೆಯಲ್ಲೇ ಹೊಸ ಜಾಡಿನ ಮೊಲ ಕೂತಿರುತ್ತದೆ. ಯಾವ ಪ್ರಾಣಿ, ಯಾವ ನೆಲ ಎನ್ನುವುದನ್ನು ಮೊದಲು ತೀರ್ಮಾನಿಸಿ, ಅದಕ್ಕೆ ತಕ್ಕ ಮೂಗು ಆರಿಸಿ.

ಜೋಡಿ ಆರಿಸುವುದು

ಫಿನ್ಲೆಂಡಿನ ಬೇಟೆನಾಯಿಗಳ ಪರೀಕ್ಷೆಯ ಅಂಕಗಳನ್ನು ವಿಶ್ಲೇಷಿಸಿದ ತಳಿವಿಜ್ಞಾನಿಗಳಿಗೆ ಕಂಡದ್ದು, ಬೇಟೆಯ ಗುಣಗಳ ಅನುವಂಶೀಯತೆ ಕಡಿಮೆ ಎಂಬುದು. ಒಂದು ದಿನದ ಅಂಕದಲ್ಲಿ ಹವೆ, ನೆಲ, ಮೊಲ, ತರಬೇತಿ, ತೀರ್ಪುಗಾರ ಎಲ್ಲ ಸೇರಿರುತ್ತವೆ. ರಕ್ತದ ಪಾಲು ಅದರಲ್ಲಿ ಸ್ವಲ್ಪವೇ. ಇದರಿಂದ ಕೈಚೆಲ್ಲಬೇಕಾಗಿಲ್ಲ. ಒಂದು ನಾಯಿಯನ್ನು ನೋಡುವ ಬದಲು ಅದರ ಇಡೀ ಸೂಲನ್ನು ನೋಡಬೇಕು. ನಾನು ಗಂಡಿನ ಹುಡುಕಾಟಕ್ಕೆ ಹೋದಾಗ ಕೇಳುವ ಮೊದಲ ಪ್ರಶ್ನೆ, ಇದರ ಒಡಹುಟ್ಟಿದವು ಎಲ್ಲಿವೆ, ಏನು ಮಾಡುತ್ತಿವೆ ಎಂಬುದು. ಒಂದೇ ಸೂಲಿನ ಆರು ಮರಿಯಲ್ಲಿ ಐದು ಚೆನ್ನಾಗಿ ಚೆಕ್ ಬಿಡಿಸುತ್ತಿದ್ದರೆ, ಅವುಗಳಲ್ಲಿ ಸಾಧಾರಣ ನಾಯಿಯೂ ನನಗೆ ಆಗುತ್ತದೆ. ಐದು ದಡ್ಡ ಮರಿಗಳ ನಡುವೆ ಹುಟ್ಟಿದ ಒಂಟಿ ಚಾಂಪಿಯನ್ ಬೇಡ. ಹಿಂದೆ ಮರಿ ಹುಟ್ಟಿಸಿದ ಗಂಡಾದರೆ ಬೇರೆ ಬೇರೆ ಹೆಣ್ಣುಗಳಿಂದ ಬಂದ ಮರಿಗಳನ್ನು ನೋಡಿ. ಎಲ್ಲ ಕಡೆಯೂ ಅದೇ ಗುಣ ಬಂದಿದ್ದರೆ ಅದು ಗಂಡಿನದು.

ಹೆಣ್ಣಿನ ಬಗ್ಗೆ ಇನ್ನೂ ಬಿಗಿಯಾಗಿರಬೇಕು. ಗಂಡನ್ನು ನಾಡಿನ ಎಲ್ಲಿಂದಲಾದರೂ ತರಬಹುದು, ಹೆಣ್ಣು ಮನೆಯದು. ಮರಿಗಳು ಎಂಟು ವಾರ ಅದರ ಜೊತೆಯಲ್ಲೇ ಬೆಳೆಯುತ್ತವೆ, ಅದರ ಪುಕ್ಕಲುತನವನ್ನೋ ಧೈರ್ಯವನ್ನೋ ನೋಡಿ ಕಲಿಯುತ್ತವೆ. ಎರಡು ಬೇಟೆ ಋತು ಮುಗಿಯದ ಹೆಣ್ಣಿಗೆ ನಾನು ಜೋಡಿ ಮಾಡಿಸುವುದಿಲ್ಲ.

ಹತ್ತಿರದ ರಕ್ತ ಕೂಡಿಸುವ ವಿಷಯಕ್ಕೆ ಬರೋಣ. ಗುಣ ಗಟ್ಟಿಯಾಗಲಿ ಎಂದು ಇಲ್ಲಿ ಬಹಳ ಜನ ಅಪ್ಪ-ಮಗಳನ್ನು ಕೂಡಿಸುತ್ತಾರೆ. ತಳಿವಿಜ್ಞಾನಿ ಸೀವಲ್ ರೈಟ್ 1922ರಲ್ಲಿ ಕೊಟ್ಟ ಒಳಸಂಬಂಧದ ಲೆಕ್ಕ, ಅಂದರೆ ಒಂದು ಜೀನಿನ ಎರಡೂ ಪ್ರತಿ ಒಂದೇ ಪೂರ್ವಜರಿಂದ ಬಂದಿರುವ ಸಾಧ್ಯತೆಯ ಲೆಕ್ಕ, ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ಸೋದರಮಾವ ಅಕ್ಕನ ಮಗಳನ್ನು ಮದುವೆಯಾದರೆ ಹುಟ್ಟುವ ಮಗುವಿಗೆ 12.5%, ಅತ್ತೆಯ ಮಗ ಮಾವನ ಮಗಳ ಮದುವೆಯಲ್ಲಿ 6.25%. ನಾಯಿಗಳಲ್ಲಿ ಅಪ್ಪ-ಮಗಳಿಗೂ, ಒಂದೇ ತಂದೆತಾಯಿಯ ಅಣ್ಣತಂಗಿಗೂ 25%. ಒಬ್ಬನೇ ತಂದೆಯ, ಬೇರೆ ತಾಯಂದಿರ ಮಕ್ಕಳಿಗೆ 12.5%. ಹಿಂದಿನ ತಲೆಮಾರುಗಳಲ್ಲೂ ಒಂದೇ ಹೆಸರು ಪದೇಪದೇ ಬಂದಿದ್ದರೆ ಇದು ಇನ್ನೂ ಏರುತ್ತದೆ. ನಾನು ಐದು ತಲೆಮಾರಿನ ಲೆಕ್ಕದಲ್ಲಿ 10% ದಾಟುವುದಿಲ್ಲ. ಒಂದು ಒಳ್ಳೆಯ ಅಜ್ಜಿನಾಯಿ ಎರಡೂ ಕಡೆ ಇದ್ದರೆ ಸಂತೋಷ, ಅಷ್ಟು ಸಾಕು. ಒಳಸಂಬಂಧ ಹೆಚ್ಚಾದ ಕಡೆ ಮೊದಲು ಕುಸಿಯುವುದು ಮರಿಗಳ ಸಂಖ್ಯೆ, ಆಮೇಲೆ ರೋಗ ತಡೆಯುವ ಶಕ್ತಿ. ಮೈಯಲ್ಲಿ ಕಸುವಿಲ್ಲದ ನಾಯಿಗೆ ಮೂಗಿದ್ದು ಏನು ಮಾಡುವುದು?

ಬೀಗಲ್ಲಿಗೇ ಅಂಟಿದ ಕೆಲವು ಆನುವಂಶಿಕ ಕಾಯಿಲೆಗಳಿವೆ: ಚರ್ಮ ಮತ್ತು ಕೀಲು ಬಿಗಿದುಕೊಳ್ಳುವ ಮಸ್ಲಾಡಿನ್-ಲ್ಯೂಕೆ ಸಿಂಡ್ರೋಮ್, ರಕ್ತ ಹೆಪ್ಪುಗಟ್ಟಲು ಬೇಕಾದ ಏಳನೆಯ ಅಂಶದ ಕೊರತೆ, ವಿಟಮಿನ್ ಬಿ12 ಹೀರಿಕೊಳ್ಳದ ತೊಂದರೆ, ಹುಟ್ಟಿದ ಕೆಲವೇ ವಾರಗಳಲ್ಲಿ ನಡಿಗೆ ತಪ್ಪಿಸುವ ಮಿದುಳಿನ ಕಾಯಿಲೆ. ಇವಕ್ಕೆಲ್ಲ ಕೆನ್ನೆಯೊಳಗಿನ ಸ್ವಾಬ್‌ನಿಂದ ಡಿಎನ್ಎ ಪರೀಕ್ಷೆ ಇದೆ. ಒಂದೇ ದೋಷವನ್ನು ಹೊತ್ತ ಎರಡು ನಾಯಿಗಳನ್ನು ಕೂಡಿಸಬೇಡಿ. ಒಂದು ಹೊತ್ತಿದ್ದು ಇನ್ನೊಂದು ಶುದ್ಧವಿದ್ದರೆ ಯಾವ ಮರಿಗೂ ಆ ಕಾಯಿಲೆ ಬರುವುದಿಲ್ಲ. ಒಳ್ಳೆಯ ಮೂಗಿನ ನಾಯಿಯನ್ನು ಅಷ್ಟಕ್ಕೇ ತಳಿಯಿಂದ ಹೊರಗಿಡುವ ಅಗತ್ಯವಿಲ್ಲ.

ಕೂಡಿಸುವ ದಿನ ಗೊತ್ತುಮಾಡಲು ಹೆಣ್ಣಿಗೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನಿನ ರಕ್ತಪರೀಕ್ಷೆ ಮಾಡಿಸಿ. ಅದು ಮಿಲಿಲೀಟರಿಗೆ ಸುಮಾರು 5 ನ್ಯಾನೋಗ್ರಾಂಗೆ ಬಂದಾಗ ಅಂಡ ಬಿಡುಗಡೆಯಾಗುತ್ತದೆ, ಪಕ್ವವಾಗಲು ಇನ್ನೆರಡು ದಿನ ಬೇಕು. ಅಂಡ ಬಿಡುಗಡೆಯಿಂದ ಎಣಿಸಿದರೆ 63 ದಿನಕ್ಕೆ ಒಂದು ದಿನ ಹಿಂದೆಮುಂದೆ ಮರಿ.

ಮರಿಗಳನ್ನು ನೋಡುವುದು

ಹಾಲು ಬಿಡಿಸುವ ಕಾಲದಲ್ಲಿ ಮೂಗಿನ ಬಗ್ಗೆ ಭವಿಷ್ಯ ಹೇಳುವವರನ್ನು ನಂಬಬೇಡಿ. ಆದರೂ ಆರನೆಯ ವಾರದಿಂದ ನಾನು ಒಂದು ಆಟ ಆಡಿಸುತ್ತೇನೆ. ಬೇಯಿಸಿದ ಲಿವರಿನ ತುಂಡನ್ನು ದಾರಕ್ಕೆ ಕಟ್ಟಿ ಹುಲ್ಲಿನ ಮೇಲೆ ಎಳೆದು, ನಡುವೆ ಒಂದು ತಿರುವು ಕೊಟ್ಟು, ಕೊನೆಯಲ್ಲಿ ಬಟ್ಟಲಿಡುತ್ತೇನೆ. ಮರಿಗಳನ್ನು ಒಂದೊಂದಾಗಿ ಬಿಡುತ್ತೇನೆ. ಎಲ್ಲವೂ ಬಟ್ಟಲು ಮುಟ್ಟುತ್ತವೆ, ಯಾವುದು ಮೊದಲು ಮುಟ್ಟಿತು ಎನ್ನುವುದು ನನಗೆ ಬೇಡ. ತಿರುವಿನಲ್ಲಿ ನೇರ ಹೋಗಿ ವಾಸನೆ ತಪ್ಪಿದ ಮರಿ ತಲೆ ಎತ್ತಿ ನನ್ನ ಮುಖ ನೋಡುತ್ತದೆಯೇ, ಅಥವಾ ಮೂಗು ಎತ್ತದೆ ಹಿಂದಕ್ಕೆ ಬರುತ್ತದೆಯೇ? ಹಿಂದಕ್ಕೆ ಬರುವ ಮರಿಯ ಹೆಸರಿನ ಮುಂದೆ ಒಂದು ಗುರುತು ಹಾಕುತ್ತೇನೆ. ಆ ಗುರುತು ಮುಂದೆ ಹುಸಿಯಾದದ್ದೂ ಇದೆ, ನಿಜವಾದದ್ದೇ ಹೆಚ್ಚು.

ಮೂರರಿಂದ ಹನ್ನೆರಡು ವಾರದ ನಡುವೆ ಮರಿ ಮನುಷ್ಯರನ್ನು, ಕಾರನ್ನು, ಪೊದೆಯನ್ನು, ದೂರದ ಗುಂಡಿನ ಸದ್ದನ್ನು ಪರಿಚಯ ಮಾಡಿಕೊಳ್ಳಬೇಕು. ಹೆದರಿದ ನಾಯಿ ಮೂಸುವುದಿಲ್ಲ. ಐದಾರು ತಿಂಗಳಿಗೆ ಬೇಲಿ ಹಾಕಿದ ಜಾಗದಲ್ಲಿ ಮೊಲ ತೋರಿಸಿ. ಮೊದಲು ಕಣ್ಣಿಂದ ಓಡುತ್ತದೆ, ಕಣ್ಣಿಗೆ ಮರೆಯಾದಾಗ ಮೂಗು ನೆಲಕ್ಕಿಳಿಯುತ್ತದೆ. ಆ ಕ್ಷಣ ನೀವು ಬಾಯಿ ಹಾಕಬೇಡಿ, ಕೈ ತೋರಿಸಬೇಡಿ. ಚೆಕ್‌ನಲ್ಲಿ ಯಜಮಾನ ಸಹಾಯ ಮಾಡಿದಷ್ಟೂ ಮರಿ ಯಜಮಾನನನ್ನೇ ನೋಡಲು ಕಲಿಯುತ್ತದೆ. ಜಿಂಕೆಯ ಹಿಂದೆ ಬಿದ್ದರೆ ಮಾತ್ರ ಕೂಡಲೇ ತಡೆಯಿರಿ. ಜಿಪಿಎಸ್ ಕಾಲರ್ ಇಲ್ಲದೆ ಮರಿ ಬಿಡಬೇಡಿ.

ಇದ್ದ ಮೂಗನ್ನು ಕಾಯುವುದು

ಡಿಸ್ಟೆಂಪರ್ ಎಂಬ ವೈರಸ್ ರೋಗ ತಗುಲಿ ಬದುಕುಳಿದ ನಾಯಿಯ ಮೂಗು ಕೆಡಬಹುದು, ಆದ್ದರಿಂದ ಲಸಿಕೆ ತಪ್ಪಿಸಬೇಡಿ. ಭೇದಿಗೆ ಸಲೀಸಾಗಿ ಬರೆದುಕೊಡುವ ಮೆಟ್ರೊನಿಡಜೋಲ್ ಬಗ್ಗೆಯೂ ಎಚ್ಚರ ಇರಲಿ. ಆಬರ್ನ್ ವಿಶ್ವವಿದ್ಯಾಲಯದವರು ಸ್ಫೋಟಕ ಪತ್ತೆ ನಾಯಿಗಳಿಗೆ ಅದನ್ನು ಕೊಟ್ಟು ನೋಡಿದಾಗ ಕೆಲವದರ ಪತ್ತೆಶಕ್ತಿ ಕುಂದಿತು, ನಿಲ್ಲಿಸಿದ ಮೇಲೆ ಹತ್ತು ದಿನದೊಳಗೆ ಮರಳಿತು. ಬೇಕಾದ ಔಷಧಿಯನ್ನು ಕೊಡಲೇಬೇಕು. ಆದರೆ ಆ ಅವಧಿಯಲ್ಲಿ ನಾಯಿಯ ಮೂಗಿನ ಬಗ್ಗೆ ತೀರ್ಪು ಕೊಡಬೇಡಿ. ಬೊಜ್ಜು ಬಂದ ನಾಯಿಯ ವಿಷಯವೂ ಹೀಗೆಯೇ. ಬಾಯಿ ತೆರೆದು ಏದುಸಿರು ಬಿಡುವ ನಾಯಿಗೆ ಸರಿಯಾಗಿ ಮೂಸಲು ಬಿಡುವಿರುವುದಿಲ್ಲ. ಋತುವಿಗೆ ಆರು ವಾರ ಮೊದಲಿನಿಂದ ಮೈ ಇಳಿಸಿ, ಓಡಿಸಿ, ನೀರು ಜೊತೆಗೊಯ್ಯಿರಿ. ಎಷ್ಟೋ ಸಲ ಮೂಗು ಸಾಲದು ಎನಿಸಿಕೊಂಡ ನಾಯಿಗೆ ಬೇಕಾಗಿದ್ದದ್ದು ಓಟದ ಅಭ್ಯಾಸ ಅಷ್ಟೇ.

ಪ್ರತಿ ಓಟದ ನಂತರ ಪುಸ್ತಕದಲ್ಲಿ ಬರೆಯಿರಿ: ತಾರೀಕು, ಹವೆ, ನೆಲ, ಒಂಟಿಯೋ ಹಿಂಡೋ, ಎಷ್ಟು ಚೆಕ್, ಯಾರು ಬಿಡಿಸಿದರು, ಹೇಗೆ ಬಿಡಿಸಿದರು. ಮರಿ ಕೊಡುವಾಗ ಎರಡು ವರ್ಷದವರೆಗೆ ವರದಿ ಕಳಿಸಬೇಕೆಂಬ ಮಾತು ತೆಗೆದುಕೊಳ್ಳಿ. ಬೇರೆಯವರ ಮನೆಯಲ್ಲಿ ಬೆಳೆದ ಮರಿಗಳ ಸುದ್ದಿ ಬಾರದೆ ನಿಮ್ಮ ಜೋಡಿ ಸರಿಯಿತ್ತೋ ಇಲ್ಲವೋ ತಿಳಿಯುವುದಿಲ್ಲ. ಎರಡನೆಯ ಋತು ಮುಗಿದಾಗ ಈ ಪುಟಗಳನ್ನು ಹರಡಿಕೊಂಡು ಕೂತು ಯಾವುದನ್ನು ತಳಿಗೆ ಉಳಿಸಿಕೊಳ್ಳಬೇಕೆಂದು ತೀರ್ಮಾನಿಸುತ್ತೇನೆ. ಉಳಿದವಕ್ಕೆ ಸಂತಾನಹರಣ ಚಿಕಿತ್ಸೆ ಮಾಡಿಸಿ ಮಕ್ಕಳಿರುವ ಮನೆ ಹುಡುಕಿ ಕೊಡುತ್ತೇನೆ. ಬೀಗಲ್ಲಿಗೆ ಮನೆ ಸಿಗುವುದು ಕಷ್ಟವಲ್ಲ, ಆದರೆ ಕೊಡುವ ಮೊದಲು ಅವರ ಹಿತ್ತಲ ಬೇಲಿಯನ್ನು ಕಣ್ಣಾರೆ ನೋಡಿ. ವಾಸನೆ ಹತ್ತಿದ ಬೀಗಲ್ ಕರೆದರೆ ತಿರುಗಿ ಬರುವ ನಾಯಿಯಲ್ಲ.